ಹರಿದ್ರೆಯ ಕಟ್ಟೆ: ಎರಡು ಶಾಸನ, ಒಂದು ಗುತ್ತಿಗೆ ಪಾಠ

ಶಾಸನ ಸಂಪುಟ ಕಂಕುಳಲ್ಲಿಟ್ಟುಕೊಂಡು ಎಂಜಿನಿಯರುಗಳ ತರಬೇತಿಗೆ ಹೋಗುವ ದಿನ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕಿರಿಯ ಎಂಜಿನಿಯರುಗಳಿಗೆ, ಪಿಡಿಒಗಳಿಗೆ ಗುತ್ತಿಗೆ ನಿರ್ವಹಣೆಯ ಬಗ್ಗೆ ಎರಡು ದಿನದ ತರಬೇತಿ ಇತ್ತು. ಊಟದ ನಂತರದ ಒಂದು ಗಂಟೆ ನನ್ನದು. "ಏನಾದ್ರೂ ಹಳೇ ಕಾಲದ್ದು ಹೇಳಿ ಸರ್, ಇವರು ನಿದ್ದೆ ಮಾಡದ ಹಾಗೆ" ಅಂದಿದ್ದರು ಕರೆದವರು.

ಈ ನಾಲ್ಕು ತಾಲ್ಲೂಕುಗಳ ಶಾಸನ ಹುಡುಕುವ ಹೊಸಬರಿಗೆ ಒಂದು ಮಾತು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ರೈಸ್ ಸಾಹೇಬರ ಕಾಲಕ್ಕೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಹಾಗಾಗಿ ಮೊದಲೆರಡು ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ, ಜಗಳೂರು 11ನೇ ಸಂಪುಟದಲ್ಲಿ. ನ್ಯಾಮತಿ ಹೆಸರಿನ ತಾಲ್ಲೂಕು ಆಗ ಇರಲೇ ಇಲ್ಲ. ಬೆಳಗುತ್ತಿಯ ಶಾಸನ ಬೇಕೆಂದರೆ ಹೊನ್ನಾಳಿಯಲ್ಲೇ ನೋಡಬೇಕು.

ನಾನು ಬೆಳಗಿನಿಂದಲೇ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. 1999ರ ಪಾರದರ್ಶಕತೆ ಅಧಿನಿಯಮ, ಟೆಂಡರ್ ದಸ್ತಾವೇಜು, ಭದ್ರತಾ ಠೇವಣಿ, ಅಳತೆ ಪುಸ್ತಕ, ಕಾಲಾವಧಿ ವಿಸ್ತರಣೆ, ತಡವಾದರೆ ದಂಡ, ಕೊನೆಗೆ ದೋಷ ಹೊಣೆ ಅವಧಿ. ಚೆನ್ನಾಗಿಯೇ ಪಾಠ ಮಾಡಿದರು. ಆದರೆ ಎಲ್ಲವೂ ಆ ಕೊನೆಯ ಅವಧಿಗೆ ಬಂದು ನಿಂತುಬಿಡ್ತು. ಅದು ಮುಗಿದ ಮೇಲೆ ಠೇವಣಿ ವಾಪಸ್ಸು, ಕಡತ ಬೀರುವಿಗೆ. ತೂಬು ಮಾತ್ರ ಅಲ್ಲೇ ಇರುತ್ತದಲ್ಲ, ಅದರ ಗತಿ?

ನಾನು ಹಂಚಿದ್ದು ಹರಿಹರದ ಎರಡು ಶಾಸನಗಳ ನಕಲು, 11ನೇ ಸಂಪುಟದ ದಾವಣಗೆರೆ 23 ಮತ್ತು 29. ಹರಿಹರ ಆ ನಾಲ್ಕು ತಾಲ್ಲೂಕಿನಲ್ಲಿ ಇಲ್ಲ, ನಿಜ. ಆದರೆ ಆ ಶಾಸನಗಳಲ್ಲಿ ಹರಿಯುವ ನೀರು ಚನ್ನಗಿರಿಯದು. ಸೂಳೆಕೆರೆ, ಅಂದರೆ ಶಾಂತಿಸಾಗರ, ನಿಂತಿರುವುದು ಹರಿದ್ರಾ ಹೊಳೆಗೆ ಅಡ್ಡಲಾಗಿ. ಎರಡು ಗುಡ್ಡಗಳ ನಡುವೆ ಸಾವಿರ ಅಡಿಗೂ ಕಡಿಮೆ ಉದ್ದದ ಏರಿ, ಹಿಂದೆ ಕಣ್ಣು ಹಾಯುವಷ್ಟು ದೂರ ನೀರು. ಅಲ್ಲಿಂದ ಇಳಿದ ಹರಿದ್ರೆ ಹರಿಹರದ ಹತ್ತಿರ ತುಂಗಭದ್ರೆಗೆ ಸೇರುತ್ತದೆ.

1410ರ ಶಾಸನದ ಸಂಗತಿ ಇಷ್ಟು. ಹರಿಹರದ ಬ್ರಾಹ್ಮಣರು ತಮ್ಮ ಖರ್ಚಿನಲ್ಲಿ ಹರಿದ್ರೆಗೆ ಕಟ್ಟೆ ಕಟ್ಟಿಸಿ ಕಾಲುವೆ ತರುತ್ತಾರೆ. ಕಾಲುವೆ ಹಾಯುವುದು ಹರಿಹರ ದೇವರ ಭೂಮಿಯಲ್ಲಿ. ಆಗ ಒಂದು ಒಡಂಬಡಿಕೆ ಆಗುತ್ತದೆ: ಕಾಲುವೆ ಇರುವಷ್ಟು ಕಾಲ ಅದರಿಂದ ನೀರಾವರಿಯಾಗುವ ಭೂಮಿಯನ್ನು ಮೂರು ಪಾಲು ಮಾಡಿ ಎರಡು ದೇವರಿಗೆ, ಒಂದು ಹಣ ಹಾಕಿದ ಬ್ರಾಹ್ಮಣರಿಗೆ.

"ಕಾಲುವೆ ಇರುವಷ್ಟು ಕಾಲ" ಅನ್ನುವುದನ್ನು ಎರಡು ಸಲ ಓದಿಸಿದೆ. ಕಟ್ಟಿದವನಿಗೆ ಸಿಗುವುದು ಬಿಲ್ಲಿನ ಮೊತ್ತವಲ್ಲ, ನೀರುಂಡ ನೆಲದ ಪಾಲು. ನೀರು ನಿಂತರೆ ಪಾಲೂ ನಿಂತಿತು. ಕೆಲಸ ಮುಗಿದ ಮಾರನೆಯ ದಿನದಿಂದಲೇ ಕಟ್ಟೆ ಗಟ್ಟಿಯಾಗಿರುವುದು ಅವನ ಹೊಟ್ಟೆಪಾಡಿನ ವಿಷಯ.

ಇದೇನು ಹರಿಹರದ ಜಾಣತನ ಮಾತ್ರ ಅಲ್ಲ. ಕಟ್ಟುಗೊಡಗೆ, ಕೆರೆಗೊಡಗೆ, ಬಿತ್ತುವಟ್ಟ, ದಶವಂದ ಎಂದು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳ ಹಿಂದಿರುವುದು ಇದೇ ಲೆಕ್ಕ: ಕೆರೆ ಕಟ್ಟಿದವನಿಗೆ, ನೋಡಿಕೊಳ್ಳುವವನಿಗೆ, ಕೆರೆಯ ಕೆಳಗೇ ಭೂಮಿ ಅಥವಾ ಬೆಳೆಯ ಪಾಲು. ಹೂಳು, ಮಣ್ಣು ಸಾಗಿಸುವ ಬಂಡಿಗೆಂದೇ ಭೂಮಿ ಬಿಟ್ಟದ್ದೂ ಉಂಟು.

ಆಗ ಜಗಳೂರಿನ ಕಡೆಯ ಒಬ್ಬ ಹುಡುಗ ಎದ್ದು ನಿಂತ. "ಸರ್, ಅಷ್ಟು ಚೆನ್ನಾಗಿತ್ತು ಅಂದ್ರೆ ಎರಡನೇ ಕಲ್ಲು ಯಾಕೆ ಹಾಕಿಸಿದ್ರು?"

ಅವನು ಮುಂದಿನ ಪುಟ ಓದಿಬಿಟ್ಟಿದ್ದ. 1424ರ ಶಾಸನದ ಹೊತ್ತಿಗೆ ಕಟ್ಟೆ ಒಡೆದಿತ್ತು. ಬುಳ್ಳಪ್ಪ ಎಂಬುವನು ದಂಡನಾಯಕ ಚಾಮನೃಪನ ಬಳಿ ಹೋಗಿ ಕೇಳಿಕೊಂಡ ಮೇಲೆ ಅದು ಮತ್ತೆ ಎದ್ದಿತು. ಬರೀ ಹದಿನಾಲ್ಕು ವರ್ಷ! ನಮ್ಮಲ್ಲಿ ಶಾಸನ ಓದುವವರಿಗೆ ಒಂದು ಚಾಳಿ ಇದೆ, ಹಳೆಯದೆಲ್ಲ ಬಂಗಾರ ಅನ್ನುವುದು. ನನಗೂ ಇದೆ. ಆ ಹುಡುಗ ಅದನ್ನು ಅಲ್ಲೇ ಇಳಿಸಿದ.

ನಾನು ಕೊಟ್ಟ ಉತ್ತರ ಇದು. ಪಾಲಿನ ಕರಾರು ದಿನನಿತ್ಯದ ರಿಪೇರಿಗೆ ಸಾಕು. ಹೊಳೆಯೇ ಬಂದು ಕಟ್ಟೆ ಕಿತ್ತುಕೊಂಡು ಹೋದರೆ, ನೀರಿಲ್ಲದ ನೆಲದ ಪಾಲುದಾರ ಎಲ್ಲಿಂದ ಹಣ ತಂದಾನು? ಆಗ ಮೇಲಿನವರೇ ಬರಬೇಕು, ಬಂದರು. ಯಾವ ಭಾರ ಯಾರ ಮೇಲೆ ಅನ್ನುವುದೇ ಗುತ್ತಿಗೆಯ ತಿರುಳು. ಒಂದನೇ ಕಲ್ಲನ್ನಷ್ಟೇ ಓದಿದವನಿಗೆ ಅದರ ಅರ್ಧ ಗೊತ್ತು.

ಇನ್ನೊಂದು ಕೊರತೆಯನ್ನು ನಾನೇ ಸೇರಿಸಿದೆ. 1410ರ ಒಡಂಬಡಿಕೆಯ ಎರಡು ಕಡೆಯವರು ದೇವರು ಮತ್ತು ಬ್ರಾಹ್ಮಣರು. ಮಣ್ಣು ಹೊತ್ತವರು, ಉತ್ತವರು ಕರಾರಿನಲ್ಲಿ ಕಕ್ಷಿಗಳಲ್ಲ. ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ. ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಅಂತ ಲೆಕ್ಕ ಕೊಡುತ್ತದೆ. ಕೆರೆಗೆ ಬೇಕಾದ ಹನ್ನೆರಡು ಅಂಗ, ಆಗಬಾರದ ಆರು ದೋಷಗಳ ಪಟ್ಟಿಯೂ ಇದೆ. ಅಂಗಗಳಲ್ಲಿ ಒಂದು ಜಲಶಾಸ್ತ್ರ ಬಲ್ಲವನು, ಇನ್ನೊಂದು ಕಟ್ಟುವ ಕೆಲಸದಲ್ಲಿ ಪಳಗಿದ ಜನ. ಏರಿಯಿಂದ ನೀರು ಜಿನುಗುವುದು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ದೋಷ! ಇದನ್ನು ಹೇಳಿದಾಗ ಹೊನ್ನಾಳಿ, ನ್ಯಾಮತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ತಾಲ್ಲೂಕು ಒಡೆದ ಮೇಲೆ ಯಾವ ಕಡತ ಯಾರ ಕಚೇರಿಯದು ಅನ್ನುವುದು ಅವರಿಗೆ ಗೊತ್ತಿರುವ ಕಷ್ಟ.

ಆಗಿನವರು ಈ ವಿದ್ಯೆ ಕಲಿತದ್ದು ಎಲ್ಲಿ? ಗೌರಿಬಿದನೂರಿನ 1388ರ ಶಾಸನದಲ್ಲಿ ಪೆನುಗೊಂಡೆಗೆ ಪೆನ್ನೆಯ ನೀರು ತಂದ ಜಲಸೂತ್ರದ ಸಿಂಗಾಯಭಟ್ಟನ ಹೆಸರಿದೆ. ಹೆಸರಿಗೇ ಕಸುಬು ಅಂಟಿದೆ. ಕರಾರಿನ ಭಾಷೆ ಮಾತ್ರ ಸೇನಬೋವರದು: ಎಲ್ಲೆ, ಪಾಲು, ಸಾಕ್ಷಿ, ಒಪ್ಪ. ನೀರು ಬಲ್ಲವನು, ಬರೆಯಬಲ್ಲವನು ಬೇರೆ ಬೇರೆ; ಕಲ್ಲಿನ ಮೇಲೆ ಇಬ್ಬರೂ ಸೇರಿದರು. ಈಗ ಒಬ್ಬ ಕಿರಿಯ ಎಂಜಿನಿಯರ್ ತಲೆಗೇ ಎರಡನ್ನೂ ಕಟ್ಟಿ, ಎರಡು ದಿನದಲ್ಲಿ ಕಲಿ ಅನ್ನುತ್ತೇವೆ.

ನನ್ನ ಸ್ವಂತದ್ದೂ ಒಂದು ಹೇಳಿದೆ. ನಮ್ಮೂರ ಕೆರೆಯ ತೂಬನ್ನು ಹೊಸದಾಗಿ ಮಾಡಿಸಿದ್ದರು. ದೋಷ ಹೊಣೆ ಅವಧಿ ಮುಗಿದ ವರ್ಷದ ಮುಂದಿನ ಮಳೆಗಾಲಕ್ಕೆ ಗೇಟು ಕೂರಲಿಲ್ಲ. ಅಣ್ಣ ಕಚೇರಿಗೆ ಮೂರು ಸಲ ಅಲೆದ. ಅಲ್ಲಿ ತೋರಿಸಿದ್ದು ಕಾಮಗಾರಿ ಪೂರ್ಣಗೊಂಡ ಪತ್ರ. ಪತ್ರ ಸರಿಯಾಗಿಯೇ ಇತ್ತು. ಕೆರೆ ಖಾಲಿಯಾಯ್ತು, ಆ ಬೇಸಿಗೆ ಭತ್ತ ಹಾಕಲಿಲ್ಲ.

ಜಗಳೂರಿನ ಹುಡುಗ ಚಹಾದ ಹೊತ್ತಿಗೆ ಮತ್ತೆ ಹಿಡಿದುಕೊಂಡ. ಅವನ ತಾಲ್ಲೂಕಿನಲ್ಲಿ ತುಂಗಭದ್ರೆಯಿಂದ 57 ಕೆರೆಗೆ ನೀರು ತುಂಬಿಸುವ ಯೋಜನೆ ಇದೆಯಲ್ಲ, ಅದರದೇ ಯೋಚನೆ. "ಪಂಪು, ಪೈಪು ಒಬ್ಬರದು, ಕೆರೆ ಒಬ್ಬರದು, ತೂಬಿನ ಕೆಳಗಿನ ಕಾಲುವೆ ಊರಿನವರದು. ಇದಕ್ಕೆ ಎರಡಕ್ಕೊಂದರ ಪಾಲು ಹೇಗೆ ಹಾಕ್ತೀರಿ ಸರ್?" ನನ್ನಲ್ಲಿ ಉತ್ತರ ಇರಲಿಲ್ಲ. ಅವನು ನಕಲಿನ ಹಿಂಬದಿಯಲ್ಲಿ ಮೂರು ಗೆರೆ ಎಳೆದು ಏನೋ ಬರೆದುಕೊಳ್ಳುತ್ತಿದ್ದ.

ಮುಂದಿನ ತಂಡದ ತರಬೇತಿಗೂ ಕರೆದಿದ್ದಾರೆ. ಈ ಸಲ ಸಭಾಂಗಣ ಬೇಡ, ಬೆಳಗ್ಗೆ ಬಿಸಿಲೇರುವ ಮುಂಚೆ ಹರಿಹರೇಶ್ವರನ ಗುಡಿಯ ಅಂಗಳಕ್ಕೇ ಕರೆದುಕೊಂಡು ಬನ್ನಿ ಅಂತ ಹೇಳಿದ್ದೇನೆ. ಓರೆ ಬಿಸಿಲಿನಲ್ಲಿ ಅಕ್ಷರ ಚೆನ್ನಾಗಿ ಕಾಣುತ್ತವೆ.