ಆನ್ಸಿ: ಸರೋವರವನ್ನು ಉಳಿಸಿಕೊಂಡ ಊರು

ಜಿನೀವಾದಿಂದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರ ಹೋದರೆ, ಫ್ರಾನ್ಸಿನ ಗಡಿಯೊಳಗೆ ಒಂದು ಪುಟ್ಟ ನಗರ ಸಿಗುತ್ತದೆ. ಸ್ಥಳೀಯರ ಬಾಯಲ್ಲಿ ಅದು ‘ಆನ್ಸಿ’. ಆಲ್ಪ್ಸ್ ಬೆಟ್ಟಗಳ ನಡುವೆ 14 ಕಿ.ಮೀ. ಉದ್ದದ ಸರೋವರ, ಅದರ ಉತ್ತರದ ತುದಿಯಲ್ಲಿ ಊರು. ಎರಡು ದಿನ ಬಿಡುವಾಗಿದ್ದಾಗ ಹೋಗಿಬಂದೆ. ಅಲ್ಲಿನ ಫೋಟೋಗಳು ಎಲ್ಲೆಲ್ಲೂ ಸಿಗುತ್ತವೆ ಬಿಡಿ. ನಾನು ಬರೆಯಹೊರಟಿದ್ದು ಫೋಟೋದಲ್ಲಿ ಕಾಣದ ಒಂದು ಚರಿತ್ರೆಯ ಬಗ್ಗೆ.

ಅದಕ್ಕೂ ಮೊದಲು ಕಾಣುವ ಚರಿತ್ರೆ. ಸರೋವರದ ನೀರು ಹೊರಗೆ ಹರಿಯುವುದು ತಿಯೂ ಎಂಬ ಪುಟ್ಟ ನದಿಯಾಗಿ, ಹಳೇ ಊರಿನ ಮಧ್ಯದಿಂದಲೇ. ನದಿಯ ನಡುವೆ ಹಡಗಿನ ಮೂತಿಯ ಹಾಗೆ ಚೂಪಾಗಿ ನಿಂತಿರುವ ಕಲ್ಲಿನ ಕಟ್ಟಡ 12ನೇ ಶತಮಾನದ್ದು. ಕಾಲಕಾಲಕ್ಕೆ ಟಂಕಸಾಲೆ, ನ್ಯಾಯಾಲಯ, ಸೆರೆಮನೆ ಎಲ್ಲವೂ ಆಗಿತ್ತು. ಈಗ ಮ್ಯೂಸಿಯಂ.

ಜಿನೀವಾದಲ್ಲಿ ಜಗಳವಾದಾಗಲೆಲ್ಲ ಸೋತವರು ಆನ್ಸಿಗೆ ಬಂದರು ಅನ್ನಬಹುದು! 13ನೇ ಶತಮಾನದಲ್ಲಿ ಬಿಷಪ್ಪರ ಜೊತೆ ಸೆಣಸಿ ಅಲ್ಲಿನ ಕೌಂಟರು ಇಲ್ಲಿಗೆ ಬಂದರು. ಮುಂದೆ 1536ರಲ್ಲಿ ಜಿನೀವಾ ಪ್ರಾಟೆಸ್ಟೆಂಟ್ ಆದಾಗ ಬಿಷಪ್ಪರೂ ಊರು ಬಿಡಬೇಕಾಯಿತು. ಅವರ ಪೀಠವೂ ಇಲ್ಲೇ ನೆಲೆಸಿತು. 1602ರಿಂದ 1622ರವರೆಗೆ ಬಿಷಪ್ ಆಗಿದ್ದ ಸಂತ ಫ್ರಾನ್ಸಿಸ್ ದ ಸಾಲ್ ಹೆಸರಿಗೆ ಜಿನೀವಾದವರು, ವಾಸ ಮಾತ್ರ ಆನ್ಸಿಯಲ್ಲಿ. ಜಿನೀವಾದಿಂದ ಓಡಿಬಂದ 15ರ ಹುಡುಗ ರೂಸೋ, 1728ರಲ್ಲಿ ಇಲ್ಲಿಯೇ ಮದಾಂ ದ ವಾರೆನ್ಸ್‌ರನ್ನು ಮೊದಲ ಬಾರಿ ಕಂಡದ್ದು. ಆ ಜಾಗಕ್ಕೆ ಚಿನ್ನದ ಕಟಕಟೆ ಕಟ್ಟಿಸಬೇಕು ಅಂತ ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡ. 1928ರಲ್ಲಿ, ಇನ್ನೂರು ವರ್ಷ ತುಂಬಿದಾಗ, ಊರವರು ಬಂಗಾರದ ಬಣ್ಣದ ಕಟಕಟೆ ಹಾಕಿಯೇಬಿಟ್ಟರು. ಈ ಪ್ರಾಂತ್ಯವೆಲ್ಲ ಫ್ರಾನ್ಸಿಗೆ ಸೇರಿದ್ದು 1860ರಲ್ಲಿ.

ಇನ್ನು ಕಾಣದ ಚರಿತ್ರೆ. ಇವತ್ತು ಯುರೋಪಿನ ಅತಿ ಶುಭ್ರ ಸರೋವರಗಳ ಪಟ್ಟಿಯಲ್ಲಿ ಆನ್ಸಿಯ ಹೆಸರಿದೆ. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಹಾಗಿರಲಿಲ್ಲ. ದಡದ ಮನೆ, ಹೋಟೆಲುಗಳ ಕೊಳಚೆಯೆಲ್ಲ ನೇರ ನೀರಿಗೆ ಬೀಳುತ್ತಿತ್ತು. ಪಾಚಿ ಹೆಚ್ಚಿತು, ಮೀನು ಕಡಿಮೆಯಾಯಿತು. (ಕೊಳಚೆ ಸೇರಿದ ಕೆರೆಯ ಗತಿ ಏನು ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಬಿಡಿ...) ಸರೋವರ ಸಾಯುತ್ತಿದೆ ಎಂದು ಪಟ್ಟು ಹಿಡಿದು ಹೇಳಿದವರು ಪಾಲ್ ಸೆರ್ವೆಟಾಜ್ ಎಂಬ ವೈದ್ಯರು. ಮೇಯರ್ ಶಾರ್ಲ್ ಬೊಸೋನ್ ಅವರ ಮಾತಿಗೆ ಬೆಲೆ ಕೊಟ್ಟರು.

ಆದರೆ ಒಂದು ಊರು ಮನಸ್ಸು ಮಾಡಿದರೆ ಸಾಕೆ? ಆನ್ಸಿ ತನ್ನ ಕೊಳಚೆ ತಡೆದರೂ ಎದುರು ದಡದ ಹಳ್ಳಿಯದ್ದು ಅದೇ ನೀರಿಗೆ ಬರುತ್ತದಲ್ಲ. ಹಾಗಾಗಿ 1957ರಲ್ಲಿ ದಡದ ಊರುಗಳು ಸೇರಿ ಒಂದು ಜಂಟಿ ಸಂಸ್ಥೆ ಕಟ್ಟಿಕೊಂಡವು. ಸರೋವರದ ಸುತ್ತ ಉಂಗುರದಂತೆ ಒಳಚರಂಡಿ ಕೊಳವೆ ಹಾಕಿ, ಕೊಳಚೆಯನ್ನೆಲ್ಲ ಊರಾಚೆ ಒಯ್ದು ಶುದ್ಧಗೊಳಿಸಿ, ಆಮೇಲೆ ಕೆಳಗಿನ ಫಿಯರ್ ನದಿಗೆ ಬಿಡುವುದು ಯೋಜನೆ. ಶುದ್ಧಮಾಡಿದ ನೀರನ್ನೂ ಸರೋವರಕ್ಕೆ ಮರಳಿಸಲಿಲ್ಲ, ಗಮನಿಸಿ. 60, 70ರ ದಶಕಗಳುದ್ದಕ್ಕೂ ಕೆಲಸ ನಡೆಯಿತು. ಪರಿಸರದ ಮಾತು ಇನ್ನೂ ಫ್ಯಾಷನ್ ಆಗಿರದ ಕಾಲವದು. ನೆಲದಡಿ ಹೂತುಹೋಗುವ ಕೊಳವೆಗೆ ದುಡ್ಡು ಸುರಿಯಲು ಜನರನ್ನು ಒಪ್ಪಿಸುವುದು ಸುಲಭವಿದ್ದಿರಲಾರದು.

ಈಗ ಅಲ್ಲಿಗೆ ಹೋದವರು ಏನು ಮಾಡುತ್ತಾರೆ ನೋಡಿ. ಬೇಸಿಗೆಯಲ್ಲಿ ಈಜುತ್ತಾರೆ, ದೋಣಿ ನಡೆಸುತ್ತಾರೆ. ಹಳೆಯ ರೈಲುದಾರಿಯೇ ಈಗ ದಡದ ಸೈಕಲ್ ದಾರಿ. ಫೊರ್ಕ್ಲಾ ಕಣಿವೆಯ ಮೇಲಿಂದ ಪ್ಯಾರಾಗ್ಲೈಡಿಂಗ್ ಮಾಡುವವರು ಸರೋವರದ ಮೇಲೆ ತೇಲುತ್ತಾರೆ. 1960ರಲ್ಲಿ ಶುರುವಾದ ಅನಿಮೇಷನ್ ಚಿತ್ರೋತ್ಸವದ ದಿನಗಳಲ್ಲಿ, ಜೂನ್ ಸಂಜೆ, ದಡದ ಹುಲ್ಲುಹಾಸಿನ ಮೇಲೆ ಕೂತು ಸಿನಿಮಾ ನೋಡುತ್ತಾರೆ. ಊರಿನ ನಲ್ಲಿಗೂ ಅದೇ ಸರೋವರದ ನೀರು. ಇದೆಲ್ಲ ಆ ಕೊಳವೆಯ ಪುಣ್ಯ ಅಂತ ಎಷ್ಟು ಪ್ರವಾಸಿಗರಿಗೆ ಗೊತ್ತೋ!

ರೂಸೋಗೆ ಬಂಗಾರದ ಕಟಕಟೆ ಸಿಕ್ಕಿದ್ದು ಸಂತೋಷವೇ. ನನಗೆ ಮಾತ್ರ ಆ ಡಾಕ್ಟರರ ಕೆಲಸ ಹೆಚ್ಚು ದೊಡ್ಡದಾಗಿ ಕಂಡಿತು. ನಿಮ್ಮೂರಿನ ಕೆರೆಗೂ ಇಂಥವರು ಯಾರಾದರೂ ಇದ್ದರೆ ಬರೆಯಿರಿ, ಓದುವ ಆಸೆ ನನಗಿದೆ.