ಮೊರದ ಅಕ್ಕಿಯಿಂದ ಗೌರವಧನದವರೆಗೆ

ಹರಿಹರ, ದಾವಣಗೆರೆ ಸುತ್ತಲಿನ ಹಳ್ಳಿಗಳಲ್ಲಿ ಅರವತ್ತು ದಾಟಿದವರನ್ನು ‘ಎಲ್ಲಿ ಹುಟ್ಟಿದ್ರಿ?’ ಅಂತ ಕೇಳಿ ನೋಡಿ. ಬಹಳ ಮಂದಿ ‘ಮನೇಲೇ’ ಅಂತಾರೆ. ಹೆರಿಗೆ ಮಾಡಿಸಿದವಳು ಊರಿನ ಸೂಲಗಿತ್ತಿ. ಸೂಲು ಅಂದರೆ ಹೆರಿಗೆ.

ಹೊಕ್ಕುಳಬಳ್ಳಿ ಕತ್ತರಿಸುವುದಷ್ಟೇ ಅವಳ ಕೆಲಸವಾಗಿರಲಿಲ್ಲ. ನೋವು ಶುರುವಾದಾಗಿಂದ ಪಕ್ಕದಲ್ಲೇ ಕೂತು ಧೈರ್ಯ ಹೇಳಬೇಕು, ಸೊಂಟ ನೀವಬೇಕು, ಆಮೇಲೆ ದಿನಗಟ್ಟಲೆ ಬಂದು ಬಾಣಂತಿಗೂ ಕೂಸಿಗೂ ನೀರು ಹಾಕಬೇಕು. ಇಷ್ಟಕ್ಕೆ ಸಿಗುತ್ತಿದ್ದುದು ಒಂದು ಮೊರ ಅಕ್ಕಿ, ಬೆಲ್ಲ, ಎಲೆ-ಅಡಿಕೆ. ಉಳ್ಳವರ ಮನೆಯಾದರೆ ಒಂದು ಸೀರೆ. ಅದನ್ನು ಯಾರೂ ಕೂಲಿ ಅನ್ನುತ್ತಿರಲಿಲ್ಲ.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಕಾಸು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ಅವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು.

ಆದರೆ ರಕ್ತಸ್ರಾವ ನಿಲ್ಲದಿದ್ದರೆ, ಮಗು ಅಡ್ಡ ಬಂದರೆ ಮನೆಯಲ್ಲಿ ಮಾಡುವುದು ಕಷ್ಟ. ರಕ್ತ ಬೇಕು, ಆಪರೇಷನ್ ಬೇಕು. ಹಾಗಾಗಿ ಹೆರಿಗೆ ಆಸ್ಪತ್ರೆಗೆ ಹೋಯಿತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ, ಜನನಿ ಸುರಕ್ಷಾ ಯೋಜನೆ ಶುರುವಾದವು. ಅಭಿಯಾನದ ಜೊತೆಗೇ ಆಶಾ ಬಂದಳು. ನಮ್ಮ ರಾಜ್ಯಕ್ಕೆ 108 ಆಂಬುಲೆನ್ಸ್ ಬಂದದ್ದು 2008ರಲ್ಲಿ. ಹರಿಹರದಲ್ಲಿ ಆಗದ ಹೆರಿಗೆ ಸುಮಾರು 14 ಕಿ.ಮೀ. ದೂರದ ದಾವಣಗೆರೆಗೆ ಹೋಗುತ್ತದೆ. ನಡುರಾತ್ರಿಯಾದರೂ ತಾಯಿ ಕಾರ್ಡ್ ಹಿಡಿದು ಜೊತೆಗೆ ಹೊರಡುವವಳು ಆಶಾ. ವಾರ್ಡಿನಲ್ಲಿ ಬಟ್ಟೆ ಬದಲಿಸಿ, ರಕ್ತ ಒರೆಸುವವಳು ಆಯಾ.

ಹೆರಿಗೆ ನೋವಿನಲ್ಲಿರುವ ಹೆಂಗಸಿನ ಪಕ್ಕದಲ್ಲಿ ಅವಳು ಬಯಸಿದವರೊಬ್ಬರು ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಹೇಳಿತು. ನಮ್ಮ ಸೂಲಗಿತ್ತಿಯರು ಮಾಡುತ್ತಿದ್ದುದೂ ಅದನ್ನೇ.

ಇಷ್ಟೆಲ್ಲ ಬದಲಾದರೂ ದುಡ್ಡಿನ ಲೆಕ್ಕ ಬದಲಾಗಿಲ್ಲ. ಸರ್ಕಾರದ ಕಾಗದದಲ್ಲಿ ಆಶಾ ನೌಕರಳಲ್ಲ, ಸ್ವಯಂಸೇವಕಿ. ಅವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು-ರಾತ್ರಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುತ್ತೇವೆ ಎಂಬ ಭರವಸೆ ಸಿಕ್ಕ ಮೇಲೆ ಎದ್ದರು.

ಮೊರದ ಅಕ್ಕಿಯನ್ನು ಮರ್ಯಾದೆ ಅಂತ ಕೊಟ್ಟೆವು, ಈಗಿನದನ್ನು ಗೌರವಧನ ಅನ್ನುತ್ತೇವೆ. ಕೂಲಿ ಅಂತ ಒಪ್ಪಿಕೊಂಡರೆ ಎಷ್ಟು ಅಂತ ಲೆಕ್ಕ ಹಾಕಬೇಕಾಗುತ್ತದೆ. ಆ ಲೆಕ್ಕವನ್ನು ಮುಂದಿನ ಗ್ರಾಮಸಭೆಯಲ್ಲಿ ನಾವೇ ಕೇಳೋಣ.