ಹೆದ್ದಾರಿ ಅಗಲವಾದಾಗ ಕೆರೆಯ ನೀರಿಗೆ ಏನಾಗುತ್ತದೆ?

ಊರಿನ ಹೆಸರೇ ಕೆಲವೊಮ್ಮೆ ಅದರ ಚರಿತ್ರೆಯನ್ನು ಹೇಳುತ್ತದೆ. ಹಿರೇಕೆರೂರು ಎಂಬ ಹೆಸರನ್ನು ಬಿಡಿಸಿ ನೋಡಿ: ಹಿರಿಯ ಕೆರೆಯ ಊರು. ಅಲ್ಲಿ ದುರ್ಗಾದೇವಿ ಕೆರೆ, ಹಾನಗಲ್ಲಿನಲ್ಲಿ ಆನೆಕೆರೆ, ಸವಣೂರಿನಲ್ಲಿ ಮೋತಿ ತಲಾಬು. ಶಿಗ್ಗಾವಿಯ ಮಗ್ಗುಲಲ್ಲಿ ಪುಣೆ-ಬೆಂಗಳೂರು ಹೆದ್ದಾರಿ. ಹಾವೇರಿ ಜಿಲ್ಲೆಯ ಈ ಊರುಗಳಲ್ಲಿ ಕೆರೆ ಮತ್ತು ರಸ್ತೆಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದವರು ಯಾರು? ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪಶ್ಚಿಮದ ಹಾನಗಲ್ಲಿನಿಂದ ಪೂರ್ವದ ಸವಣೂರಿನ ಕಡೆಗೆ ಬಂದಂತೆ ಮಳೆ ಕಡಿಮೆಯಾಗುತ್ತದೆ. ಮಳೆಗಾಲದ ನೀರನ್ನು ಬೇಸಿಗೆಗೆ ಉಳಿಸಲು ಇಲ್ಲಿನ ಜನ ಕೆರೆಗಳನ್ನು ಕಟ್ಟಿದರು. ಹಾನಗಲ್ಲು ಕದಂಬ ಅರಸರ ಒಂದು ಶಾಖೆಯ ರಾಜಧಾನಿಯಾಗಿತ್ತು. ಶಾಸನಗಳಲ್ಲಿ ಅದರ ಹೆಸರು ಪಾನುಂಗಲ್. ಕೆರೆಯ ದುರಸ್ತಿಗೆಂದು ಭೂಮಿಯನ್ನು ಬಿಡುವ 'ಬಿತ್ತುವಟ್ಟ' ಪದ್ಧತಿ ಕನ್ನಡ ಶಾಸನಗಳಲ್ಲಿ ಕಾಣುತ್ತದೆ. ಎಷ್ಟೋ ಊರುಗಳಲ್ಲಿ ಕೆರೆಯ ಏರಿಯೇ ಬಂಡಿದಾರಿಯೂ ಆಗಿತ್ತು. ಏರಿ ಒಡೆದರೆ ನೀರೂ ಹೋಗುತ್ತಿತ್ತು, ದಾರಿಯೂ ಹೋಗುತ್ತಿತ್ತು. ಆದ್ದರಿಂದ ಎರಡರ ಹೊಣೆಯೂ ಊರಿನದೇ.

ಬ್ರಿಟಿಷರ ಆಳ್ವಿಕೆಯಲ್ಲಿ ಹಾನಗಲ್ಲು, ಬಂಕಾಪುರ (ಶಿಗ್ಗಾವಿ ಇದರ ಕೇಂದ್ರ) ಮತ್ತು ಕೋಡ (ಹಿರೇಕೆರೂರು ಇದರ ಕೇಂದ್ರ) ತಾಲ್ಲೂಕುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ನವಾಬರ ಸಂಸ್ಥಾನವಾಗಿದ್ದು 1948ರಲ್ಲಿ ವಿಲೀನವಾಯಿತು. 1956ರಲ್ಲಿ ಇವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದವು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಈ ನಡುವೆ ಕೆರೆ, ರಸ್ತೆ, ಕುಡಿಯುವ ನೀರು, ಚರಂಡಿ ಇವು ಬೇರೆ ಬೇರೆ ಇಲಾಖೆಗಳ ಕಡತಗಳಾಗಿ ಹಂಚಿಹೋದವು.

ರಾಷ್ಟ್ರೀಯ ಹೆದ್ದಾರಿ 4 ಎಂದು ಹೆಸರಾಗಿದ್ದ ಪುಣೆ-ಬೆಂಗಳೂರು ರಸ್ತೆ ಸುವರ್ಣ ಚತುಷ್ಪಥ ಯೋಜನೆಯಲ್ಲಿ ನಾಲ್ಕು ಪಥವಾಯಿತು. 2010ರ ಮರುಸಂಖ್ಯೆಯಲ್ಲಿ ಅದು 48 ಆಯಿತು. ಇಲ್ಲಿ ಒಂದು ಅಂಶ ಗಮನಾರ್ಹ. 1994ರ ಪರಿಸರ ಪರಿಣಾಮ ಅಧಿಸೂಚನೆ ಹೆದ್ದಾರಿಗಳಿಗೆ ಅನುಮತಿಯನ್ನು ಕಡ್ಡಾಯಗೊಳಿಸಿತು. ಆದರೆ ಇದ್ದ ರಸ್ತೆಯನ್ನೇ ಅಲ್ಪ ಭೂಸ್ವಾಧೀನದೊಡನೆ ಅಗಲಗೊಳಿಸುವ ಕಾಮಗಾರಿಗಳಿಗೆ 1997ರ ತಿದ್ದುಪಡಿ ವಿನಾಯಿತಿ ನೀಡಿತು. ಸೂಕ್ಷ್ಮ ಪ್ರದೇಶಗಳಿಗೆ ಮಾತ್ರ ಈ ವಿನಾಯಿತಿ ಇರಲಿಲ್ಲ. 2006ರ ಹೊಸ ಅಧಿಸೂಚನೆ 30 ಕಿಲೋಮೀಟರಿಗೂ ಹೆಚ್ಚಿನ ಉದ್ದದ ರಾಷ್ಟ್ರೀಯ ಹೆದ್ದಾರಿ ವಿಸ್ತರಣೆಯನ್ನು ಕೆಲವು ಷರತ್ತುಗಳೊಡನೆ ಪರಿಶೀಲನೆಗೆ ಒಳಪಡಿಸಿತು. 2013ರಲ್ಲಿ ಈ ಮಿತಿ 100 ಕಿಲೋಮೀಟರಿಗೆ ಏರಿತು. ಮಿತಿಯೊಳಗಿನ ಕಾಮಗಾರಿಯಲ್ಲಿ ಊರಿನ ಕೆರೆಯ ಬಗ್ಗೆ ಕೇಳಬೇಕಾದವರು ಸ್ಥಳೀಯರೇ ಆದರು.

ರಸ್ತೆ ಕೆರೆಗೆ ಮಾಡುವುದೇನು? ಮೊದಲನೆಯದು, ಎತ್ತರಿಸಿದ ರಸ್ತೆ ಜಲಾನಯನ ಪ್ರದೇಶಕ್ಕೆ ಅಡ್ಡಗೋಡೆಯಾಗುತ್ತದೆ. ಮೋರಿಗಳು ಸಾಲದಿದ್ದರೆ ನೀರು ಕೆರೆಗೆ ಬರದೆ ಬೇರೆಡೆ ನಿಲ್ಲುತ್ತದೆ. ಎರಡನೆಯದು, ಕಾಮಗಾರಿಯ ಸಡಿಲ ಮಣ್ಣು ಹೂಳಾಗಿ ಸೇರುತ್ತದೆ. ಮೂರನೆಯದು, ಟೈರಿನ ಸವೆತದಿಂದ ಸತು, ಬ್ರೇಕಿನಿಂದ ತಾಮ್ರ, ಇಂಜಿನ್ನಿನಿಂದ ತೈಲ ರಸ್ತೆಯ ಮೇಲೆ ಸಂಗ್ರಹವಾಗಿ, ಮೊದಲ ಮಳೆಯಲ್ಲಿ ಒಮ್ಮೆಲೇ ಕೊಚ್ಚಿಹೋಗುತ್ತವೆ. ಸೀಸಯುಕ್ತ ಪೆಟ್ರೋಲ್ ನಮ್ಮ ದೇಶದಲ್ಲಿ 2000ರ ಫೆಬ್ರವರಿಯಲ್ಲಿ ನಿಂತಿತು. ಆದರೆ ಸೀಸ ಕೊಳೆಯುವ ವಸ್ತುವಲ್ಲ, ಹಳೆಯ ಹೂಳಿನಲ್ಲಿ ಅದು ಉಳಿಯಬಲ್ಲದು. ನಾಲ್ಕನೆಯದು, ರಸ್ತೆಯ ಬದಿಯಲ್ಲಿ ಬೆಳೆಯುವ ಅಂಗಡಿ, ಖಾನಾವಳಿ, ಬಡಾವಣೆಗಳ ಬಚ್ಚಲ ನೀರು. ಅದರಲ್ಲಿರುವ ರಂಜಕ, ಸಾರಜನಕಗಳು ಪಾಚಿಯನ್ನು ಬೆಳೆಸುತ್ತವೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಖರ್ಚಾಗಿ ಮೀನುಗಳು ಸಾಯುತ್ತವೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದ ಪ್ರಕಾರ, ಸಾಂಪ್ರದಾಯಿಕ ಶುದ್ಧೀಕರಣದ ನಂತರ ಕುಡಿಯಬಹುದಾದ ನೀರಿನ ಮೂಲದಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಜೈವಿಕ ಆಮ್ಲಜನಕ ಬೇಡಿಕೆ 3 ಮಿಲಿಗ್ರಾಂ ಮೀರಬಾರದು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರು ಹಿಡಿದಿಡಬಲ್ಲ ಆಮ್ಲಜನಕವೇ ಸುಮಾರು 8 ಮಿಲಿಗ್ರಾಂ. ಅಂದರೆ ಕೆರೆಯ ಬಳಿ ಇರುವ ಉಳಿತಾಯ ಬಹಳ ಚಿಕ್ಕದು.

ಹರಿದು ಹಂಚಿಹೋದ ಹೊಣೆಯನ್ನು ಮತ್ತೆ ಊರಿಗೆ ತರುವ ದಾರಿ ಕಾನೂನಿನಲ್ಲಿದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಹನ್ನೆರಡನೇ ಅನುಸೂಚಿ ನಗರ ಯೋಜನೆ, ರಸ್ತೆ, ನೀರು ಪೂರೈಕೆ, ನೈರ್ಮಲ್ಯ, ಪರಿಸರ ರಕ್ಷಣೆಗಳನ್ನು ಒಂದೇ ಪಟ್ಟಿಯಲ್ಲಿ ಇರಿಸಿದೆ. ಪಂಚಾಯತಿಗಳಿಗಾಗಿ ಇರುವ ಹನ್ನೊಂದನೇ ಅನುಸೂಚಿಯಲ್ಲಿ ಸಣ್ಣ ನೀರಾವರಿ ಮತ್ತು ಜಲಾನಯನ ಅಭಿವೃದ್ಧಿ ಇವೆ. ಆದರೆ ಯೋಜನೆ ಮಾಡುವವರ ಮುಂದೆ ಅಂಕಿ-ಅಂಶ ಇಲ್ಲದಿದ್ದರೆ ಪಟ್ಟಿಯಿಂದ ಏನು ಪ್ರಯೋಜನ?

ಇಲ್ಲಿ ನಿಮ್ಮ ಶಾಲೆಯ ಪಾತ್ರವಿದೆ. 20 ಸೆಂಟಿಮೀಟರ್ ವ್ಯಾಸದ ಕಪ್ಪು-ಬಿಳಿ ತಟ್ಟೆಯೊಂದನ್ನು ದಾರಕ್ಕೆ ಕಟ್ಟಿ ನೀರಿಗಿಳಿಸಿ, ಅದು ಎಷ್ಟು ಆಳದಲ್ಲಿ ಮರೆಯಾಗುತ್ತದೆ ಎಂದು ಬರೆದಿಡಿ. ಶಿಕ್ಷಕರು ಜೊತೆಗಿರಲಿ, ಅಳತೆ ಭದ್ರವಾದ ಮೆಟ್ಟಿಲಿನಿಂದ ನಡೆಯಲಿ. ಒಂದೇ ಸ್ಥಳ, ಒಂದೇ ಹೊತ್ತು. ಮೊದಲ ಮಳೆಗೆ ಮುಂಚೆ ಮತ್ತು ನಂತರ. ಕೆರೆಗೆ ನೀರು ತರುವ ಮೋರಿಗಳನ್ನು ಎಣಿಸಿ, ಕಟ್ಟಿಕೊಂಡವನ್ನು ನಕ್ಷೆಯಲ್ಲಿ ಗುರುತಿಸಿ. ಕೆಲವು ವರ್ಷಗಳ ಇಂಥ ದಾಖಲೆಯನ್ನು ಪುರಸಭೆಗೋ ಗ್ರಾಮಸಭೆಗೋ ಒಪ್ಪಿಸಿ. ಮುಂದಿನ ಸಲ ರಸ್ತೆ ಅಗಲವಾಗುವಾಗ ಮೋರಿ ಎಲ್ಲಿರಬೇಕು, ಚರಂಡಿ ಯಾವ ಕಡೆ ಹರಿಯಬೇಕು ಎಂಬ ಚರ್ಚೆ ಆ ನಕ್ಷೆಯಿಂದಲೇ ಆರಂಭವಾಗಬಹುದು.